ಉತ್ತರಾಣಿ ಎಲೆ ಹಿಡಿದು ಹಾಳೂರು ಹುಡುಕಿದ್ದು

ಶಿರಾ ಕಡೆಯ ಹಳೇ ಕಂದಾಯ ದಾಖಲೆ ತೆಗೆದರೆ ಬೇಚರಾಕ್ ಗ್ರಾಮಗಳು ಸಿಗುತ್ತವೆ. ಹೆಸರುಂಟು, ಗಡಿಯುಂಟು, ಮನೆ ಒಂದೂ ಇಲ್ಲ. ಅಂಥ ಒಂದು ಊರು ಎಲ್ಲಿ ಕೂತಿತ್ತು ಅಂತ ನೋಡೋಕೆ ನಾನು ಕಳೆಗಿಡದ ಮೊರೆ ಹೋದೆ. ಪಾಠ ಮಾಡೋದು ಕೆಮಿಸ್ಟ್ರಿ. ಅಗೆಯೋಕೆ ಪುರಾತತ್ವ ಇಲಾಖೆ ಅನುಮತಿ ಬೇಕು, ಎಲೆ ಕೀಳೋಕೆ ಹೊಲದವರು ಹೂಂ ಅಂದರೆ ಸಾಕು.

ಜನ ಇದ್ದ ಕಡೆ ಮೂಳೆ, ಬೂದಿ, ಸಗಣಿ ಬೀಳುತ್ತವೆ. ಅದರ ರಂಜಕ (ಫಾಸ್ಫರಸ್) ಮಣ್ಣಿನ ಕಬ್ಬಿಣ, ಸುಣ್ಣಕ್ಕೆ ಅಂಟಿಕೊಂಡು ಶತಮಾನಗಟ್ಟಲೆ ಉಳಿಯುತ್ತದೆ. ಇದರಿಂದ ಹಳೇ ಊರು ಪತ್ತೆ ಮಾಡಬಹುದು ಅಂತ ಸ್ವೀಡನ್ನಿನ ಓಲೋಫ್ ಅರ್ಹೇನಿಯಸ್ ಸುಮಾರು ನೂರು ವರ್ಷದ ಹಿಂದೆಯೇ ಗುರುತಿಸಿದ್ದರು. ನಾವು ಮಕ್ಕಳಿಗೆ ಹೇಳಿಕೊಡುವ ಆಸಿಡ್ ಸಿದ್ಧಾಂತದ ಅರ್ಹೇನಿಯಸ್ ಇದ್ದಾರಲ್ಲ, ಅವರ ಮಗ. ಗ್ರೀನ್‌ಲ್ಯಾಂಡಿನಲ್ಲಿ 15ನೇ ಶತಮಾನದ ಹೊತ್ತಿಗೆ ಖಾಲಿಯಾದ ನಾರ್ಸ್ ಜನರ ನೆಲೆಗಳ ಮೇಲೆ ಈಗ ಬೆಳೆಯುವ ಗಿಡಗಳಲ್ಲೂ ನೈಟ್ರೋಜನ್-15 (ನೈಟ್ರೋಜನ್ನಿನ ತುಸು ಭಾರದ ರೂಪ) ಸುತ್ತಲಿಗಿಂತ ಜಾಸ್ತಿ. ಅದನ್ನು ಅಳೆಯುವ ಯಂತ್ರ ನಮ್ಮಲ್ಲಿಲ್ಲ, ಎಲೆಯಲ್ಲಿರುವ ರಂಜಕವೇ ಗತಿ.

ಊರು ಇದ್ದಿರಬಹುದು ಅನ್ನಿಸಿದ ದಿಬ್ಬದ ನೆತ್ತಿಯಿಂದ ಆಚೆ ಬೀಳಿನ ತನಕ ಸಾಲು ಹಿಡಿದು ಉತ್ತರಾಣಿ ಎಲೆ ಕಿತ್ತೆ. ಒಂದೇ ಜಾತಿ, ಒಂದೇ ವಾರ, ತುದಿಯಿಂದ ಎಣಿಸಿ ಅದೇ ಎಲೆ. ಗಿಡ ರಂಜಕವನ್ನು ಹಳೇ ಎಲೆಯಿಂದ ಚಿಗುರಿಗೆ ಸಾಗಿಸುತ್ತದೆ. ಕೈಗೆ ಸಿಕ್ಕಿದ್ದು ಕಿತ್ತರೆ ಎಲೆಯ ವಯಸ್ಸು ಅಳೆದಂತಾಗುತ್ತದೆ ಅಷ್ಟೆ. ಧೂಳು ಹೋಗುವಂತೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಒಣಗಿಸಿ, ತೂಗಿ, ಫರ್ನೇಸಿನಲ್ಲಿ ಬೂದಿ ಮಾಡಿದೆ. ಬೂದಿಯನ್ನು ಆಸಿಡ್ಡಿನಲ್ಲಿ ಕರಗಿಸಿ, ಸೋಸಿ, ಅಮೋನಿಯಂ ಮಾಲಿಬ್ಡೇಟ್ ಮತ್ತು ಆಸ್ಕಾರ್ಬಿಕ್ ಆಸಿಡ್ ಹಾಕಿದರೆ ನಿಧಾನಕ್ಕೆ ನೀಲಿ ಏರುತ್ತದೆ. ರಂಜಕ ಜಾಸ್ತಿ ಇದ್ದಷ್ಟೂ ಬಣ್ಣ ಗಾಢ.

ಬೀಳಿನ ಟ್ಯೂಬುಗಳು ತೆಳು ನೀಲಿ, ದಿಬ್ಬದವು ಶಾಯಿ ಹಾಗೆ. ಆದರೂ ಎಲೆಯಲ್ಲಿ ಕಾಣುವ ವ್ಯತ್ಯಾಸ ಮಣ್ಣಿನಲ್ಲಿ ಇರುವುದಕ್ಕಿಂತ ಕಡಿಮೆಯೇ. ನಮ್ಮ ಕೆಂಪು ಮಣ್ಣಿನ ಕಬ್ಬಿಣ ರಂಜಕವನ್ನು ಸುಲಭಕ್ಕೆ ಬಿಟ್ಟುಕೊಡಲ್ಲ. ಬೇರಿಗೆ ಸಿಕ್ಕಷ್ಟೇ ಎಲೆಗೆ ಬರೋದು.

ಎಲ್ಲಕ್ಕಿಂತ ಗಾಢ ಬಂದಿದ್ದು ಮಾತ್ರ ದಿಬ್ಬದ ಹೊರಗಿನ ಒಂದು ಮೂಲೆ. ಪಕ್ಕದ ಹೊಲದ ತಾತನನ್ನು ಕೇಳಿದೆ. "ಅದು ನಮ್ಮ ಕುರಿ ರೊಪ್ಪ ಸಾ, ಹೋದ್ವರ್ಷದ್ದು. ಊರಿದ್ದಿದ್ದು ಆ ದಿಬ್ಬದ್ಮೇಲೆ. ಅಲ್ಲಿ ರಾಗಿ ಗೊಬ್ರ ಕೇಳಲ್ಲ" ಅಂದರು. ಎಲೆಗೆ ಕಾಲ ಗೊತ್ತಿಲ್ಲ, ನಿನ್ನೆಯ ಕುರಿಯೂ ಒಂದೇ, ಮುನ್ನೂರು ವರ್ಷದ ಹಿಂದಿನ ಎಮ್ಮೆಯೂ ಒಂದೇ. ರಂಜಕವಿರುವ ಡಿಎಪಿ ಗೊಬ್ಬರ ಸುರಿದ ಹೊಲದಲ್ಲಂತೂ ಈ ಕೆಲಸ ಸುಮ್ನೆ ದಂಡ. ಬದು, ಬೀಳು ಮಾತ್ರ ಸರಿ. ಹಾಗಾಗಿ ನೀಲಿ ಏರಿದ ಕಡೆ ಮಡಕೆ ಚೂರು ಇದೆಯಾ ಅಂತ ನೋಡುತ್ತೇನೆ. ಎರಡೂ ಕೂಡಿ ಬಂದರೆ ನಕ್ಷೆಯಲ್ಲಿ ಗುರುತು ಹಾಕುತ್ತೇನೆ.