ಮಳೆಗೆ ಮುಂಚೆ ಕಾರಿನ ಅಡಿಭಾಗಕ್ಕೆ ಅಂಡರ್‌ಕೋಟಿಂಗ್

ಉಡುಪಿ, ಮಂಗಳೂರು, ಕಾರವಾರದ ಕಡೆ ಕಾರಿದ್ದರೆ ಅಂಡರ್‌ಕೋಟಿಂಗ್, ಅಂದರೆ ಅಡಿಭಾಗದ ತಗಡಿಗೆ ತುಕ್ಕು ಹಿಡಿಯದಂತೆ ಲೇಪ ಹೊಡೆಯುವ ಕೆಲಸವನ್ನು ಏಪ್ರಿಲ್-ಮೇ ತಿಂಗಳಲ್ಲೇ ಮುಗಿಸಿಬಿಡಿ. ಉಪ್ಪುಗಾಳಿ ಜೊತೆಗೆ ನಾಲ್ಕು ತಿಂಗಳ ಮಳೆ, ಕಬ್ಬಿಣಕ್ಕೆ ಇನ್ನೇನು ಬೇಕು?

ಮೊದಲು ಅಡಿಭಾಗವನ್ನು ಪ್ರೆಶರ್ ನೀರಲ್ಲಿ ತೊಳೆಸಿ. ಚಕ್ರದ ಮೇಲಿನ ಗೂಡಿಗೆ ಬೆರಳು ಹಾಕಿ ನೋಡಿ, ಅಂಚಿನ ಮಡಿಕೆಯಲ್ಲಿ ಒದ್ದೆ ಕೆಸರು ಅಂಟಿಕೊಂಡಿರುತ್ತದೆ, ತುಕ್ಕು ಶುರುವಾಗುವುದೇ ಅಲ್ಲಿ. ಆಮೇಲೆ ಪೂರ್ತಿ ಒಣಗಬೇಕು, ಒಂದು ದಿನ ಬಿಸಿಲಲ್ಲಿ ನಿಲ್ಲಿಸಿದರೂ ಸರಿ. ತೇವದ ಮೇಲೆ ಕೋಟಿಂಗ್ ಹೊಡೆದರೆ ನೀರು ಒಳಗೇ ಸಿಕ್ಕಿಕೊಂಡು, ಹೊರಗೆ ಕಪ್ಪಗೆ ಚೆನ್ನಾಗಿ ಕಂಡರೂ ಒಳಗೊಳಗೇ ತಗಡು ತಿಂದುಹೋಗುತ್ತದೆ. ನನ್ನ ಹಳೇ ಕಾರಿಗೆ ಆಗಿದ್ದು ಇದೇ. ಸ್ಕ್ರೂಡ್ರೈವರ್ ತುದಿ ತಾಗಿಸಿದರೆ ಸಾಕು, ಪದರ ಪದರವಾಗಿ ಕಿತ್ತುಬಂತು.

ಸಡಿಲ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಪ್ರೈಮರ್ ಹಚ್ಚಿ. ಸೈಲೆನ್ಸರ್, ಬ್ರೇಕ್, ಆಕ್ಸೆಲ್, ಸೆನ್ಸರ್‌ಗಳಿಗೆ ಕಾಗದ, ಟೇಪ್ ಸುತ್ತಿ. ನೀರು ಇಳಿಯುವ ಸಣ್ಣ ತೂತುಗಳನ್ನಂತೂ ಮುಚ್ಚಲೇಬೇಡಿ, ಮುಚ್ಚಿದರೆ ಕೋಟಿಂಗ್ ಮಾಡಿದ್ದೇ ದಂಡ.

ಒಂದೇ ಸಲ ದಪ್ಪಗೆ ಬೇಡ, ತೆಳ್ಳಗೆ ಎರಡು ಕೋಟ್ ಹೊಡೆಯಿರಿ. ನೀವೇ ಮಾಡುವುದಾದರೆ ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ಮಳೆ ಮುಗಿದ ಮೇಲೆ ಟಾರ್ಚ್ ಹಿಡಿದು ನೋಡಿ, ಕಲ್ಲು ಬಡಿದು ಎದ್ದ ಕಡೆ ಮತ್ತೆ ಹಚ್ಚಿ.