ಕೊಲ್ಲಿಯಲ್ಲಿ ವಿಂಡ್‌ಸರ್ಫಿಂಗ್, ಕೈಟ್‌ಸರ್ಫಿಂಗ್: ನೀರಿಗಿಂತ ಮೊದಲು ಗಾಳಿ ನೋಡಿ

ವಿಂಡ್‌ಸರ್ಫಿಂಗ್ ಅಂದರೆ ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ನೀರಲ್ಲಿ ಸಾಗುವುದು, ಕೈಟ್‌ಸರ್ಫಿಂಗ್‌ನಲ್ಲಿ ದೊಡ್ಡ ಗಾಳಿಪಟ, ಅಂದರೆ ಕೈಟ್, ನಿಮ್ಮನ್ನು ಬೋರ್ಡ್ ಮೇಲೆ ಎಳೆಯುತ್ತದೆ. ಅಲೆ ಕಡಿಮೆ ಇರುವ ಕೊಲ್ಲಿ ಕಲಿಯುವವರಿಗೆ ತುಂಬಾ ಒಳ್ಳೆಯ ಜಾಗ. ಆದರೆ ನೀರು ಕನ್ನಡಿ ಹಾಗಿದೆ ಅಂತ ಸುಮ್ನೆ ಇಳಿಯಬೇಡಿ. ಎಷ್ಟೋ ಸಲ ದಡದ ಹತ್ತಿರ ನೀರು ಅಲುಗಾಡದೆ ಇರುವುದು ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುತ್ತಿರುವುದರಿಂದಲೇ. ಅದು ನಿಮ್ಮನ್ನು ಹೊರಗೆ ಒಯ್ಯುತ್ತದೆ, ದಡ ದೂರವಾದಷ್ಟೂ ಜೋರಾಗುತ್ತದೆ. ಅಂಥ ದಿನ ಇಳಿಯಲೇಬೇಡಿ.

ಒಂದು ಹಿಡಿ ಒಣ ಮರಳು ಎತ್ತಿ ನಿಧಾನಕ್ಕೆ ಬಿಡಿ, ಗಾಳಿ ಎತ್ತ ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಸಮುದ್ರದಿಂದ ದಡಕ್ಕೆ ಓರೆಯಾಗಿ ಬರುತ್ತಿದ್ದರೆ ಸರಿ. ನೇರವಾಗಿ ದಡಕ್ಕೇ ಬರುತ್ತಿದ್ದರೆ ಕೈಟ್ ಬೇಡ, ಅದು ನಿಮ್ಮನ್ನು ಮರಕ್ಕೋ ಬಂಡೆಗೋ ಎಸೆದುಬಿಡಬಹುದು. ಪಕ್ಕದ ಗುಡ್ಡದ ಮರೆಯಲ್ಲಿ ಗಾಳಿ ಬಿಟ್ಟು ಬಿಟ್ಟು ಬೀಸುತ್ತದೆ, ಅಲ್ಲಿಂದ ದೂರ ಇರಿ.

ವಿಂಡ್‌ಸರ್ಫಿಂಗ್ ಶುರು ಮಾಡಲು 8ರಿಂದ 12 ನಾಟ್ ಸಾಕು, ಅಂದರೆ ಗಂಟೆಗೆ ಸುಮಾರು 15ರಿಂದ 22 ಕಿ.ಮೀ. ಅಗಲವಾದ ದೊಡ್ಡ ಬೋರ್ಡ್, ಚಿಕ್ಕ ಹಾಯಿ ತಗೊಳ್ಳಿ. ಗಾಳಿಗೆ ಬೆನ್ನು ಮಾಡಿ, ಮಾಸ್ಟ್ (ಹಾಯಿ ಕಟ್ಟಿರುವ ಕಂಬ) ಬುಡದ ಆಚೆ ಈಚೆ ಒಂದೊಂದು ಕಾಲಿಟ್ಟು ನಿಲ್ಲಿ. ಹಾಯಿ ಎತ್ತುವ ಹಗ್ಗ ಹಿಡಿದು, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ಕಾಲಿನ ಬಲದಲ್ಲೇ ಏಳಿ. ಮೊದಲ ಎಳೆತಕ್ಕೆ ಹಾಯಿ ಕಲ್ಲಿನಷ್ಟು ಭಾರ ಅನಿಸುತ್ತದೆ, ಯಾಕಂದ್ರೆ ಅದರ ಮೇಲೆ ನೀರು ನಿಂತಿರುತ್ತದೆ, ಅಲ್ವಾ? ಜಗ್ಗಾಡದೆ ಹಾಗೇ ಹಿಡಿದಿರಿ, ನೀರು ಜಾರಿದ ಹಾಗೆ ಹಾಯಿ ತಾನೇ ಹಗುರಾಗಿ ಮೇಲೆ ಬರುತ್ತದೆ. ಮಾಸ್ಟ್ ಮುಂದಕ್ಕೆ ವಾಲಿಸಿದರೆ ಬೋರ್ಡ್ ಗಾಳಿಯಿಂದ ಆಚೆ ತಿರುಗುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿ ಬರುವ ಕಡೆಗೆ. ಭಯವಾದರೆ ಹಾಯಿ ಬಿಟ್ಟುಬಿಡಿ, ಬೋರ್ಡ್ ನಿಂತುಹೋಗುತ್ತದೆ.

ಕೈಟ್ ಬೇರೆಯೇ ಲೆಕ್ಕ. ಇದನ್ನು ಗುರು ಇಲ್ಲದೆ ಕಲಿಯಬೇಡಿ, ದಯವಿಟ್ಟು. ದಾರಗಳೇ 20ರಿಂದ 25 ಮೀಟರ್ ಉದ್ದ, ಹಾಗಾಗಿ ಗಾಳಿ ಹೋಗುವ ದಿಕ್ಕಿನಲ್ಲಿ ಕನಿಷ್ಠ 50 ಮೀಟರ್ ಖಾಲಿ ಇರಬೇಕು. ಮೊದಲು ಚಿಕ್ಕ ಕೈಟ್ ಹಿಡಿದು ನೆಲದ ಮೇಲೆ ಆಡಿಸಿ. ತಲೆ ಮೇಲೆ ನೆಟ್ಟಗೆ ನಿಂತಾಗ ಅದು ಜಾಸ್ತಿ ಎಳೆಯುವುದಿಲ್ಲ, ನಿಮ್ಮ ಮುಂದೆ ಕೆಳಗೆ ಇಳಿದರೆ ಪೂರ್ತಿ ಬಲದಿಂದ ಎಳೆಯುತ್ತದೆ. ಹೆದರಿದಾಗ ಕೈ ತಾನಾಗಿಯೇ ಬಾರನ್ನು (ದಾರಗಳು ಕಟ್ಟಿರುವ ಹಿಡಿಕೋಲನ್ನು) ಎದೆಗೆ ಎಳೆದುಕೊಳ್ಳುತ್ತದೆ, ಅದರಿಂದ ಎಳೆತ ಇನ್ನೂ ಹೆಚ್ಚುತ್ತದೆ. ಬಾರ್ ಬಿಡುವುದನ್ನೇ ಅಭ್ಯಾಸ ಮಾಡಿ. ಬಿಟ್ಟರೂ ಎಳೆತ ನಿಲ್ಲದಿದ್ದರೆ ಕ್ವಿಕ್ ರಿಲೀಸ್, ಅಂದರೆ ಕೈಟ್‌ನ ಎಳೆತವನ್ನು ಥಟ್ಟನೆ ಬಿಡಿಸುವ ಕೊಂಡಿ, ಬಳಸಬೇಕು. ಅದು ಎಲ್ಲಿದೆ ಅಂತ ಕಣ್ಣು ಮುಚ್ಚಿಯೂ ಕೈಗೆ ಸಿಗುವಷ್ಟು ಸಲ ದಡದಲ್ಲೇ ಮಾಡಿ ನೋಡಿ.

ಸಮುದ್ರದ ಗಾಳಿ ಸಾಮಾನ್ಯವಾಗಿ ನೆಲ ಕಾದ ಮೇಲೆ ಏಳುತ್ತದೆ, ಸಂಜೆಗೆ ಇಳಿಯುತ್ತದೆ. ಗಾಳಿ ಇಳಿಯುವ ಮುಂಚೆಯೇ ವಾಪಸ್ ಬನ್ನಿ. ನಡುನೀರಲ್ಲಿ ಗಾಳಿ ನಿಂತರೆ ಬೋರ್ಡ್ ಬಿಟ್ಟು ಈಜಬೇಡಿ. ಹಾಯಿಯನ್ನು ಬೋರ್ಡಿನ ಹಿಂಭಾಗದ ಮೇಲೆ ಮಲಗಿಸಿ, ನೀವೂ ಬೋರ್ಡ್ ಮೇಲೆ ಹೊಟ್ಟೆ ಕೆಳಗಾಗಿ ಮಲಗಿ, ಎರಡೂ ಕೈಯಲ್ಲಿ ನೀರು ತಳ್ಳುತ್ತಾ ಬನ್ನಿ.