ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೂ ಬಿಡದ ಭಯ: ಇಳಿಸುವುದು ಹೇಗೆ?

ಹಾರ್ಟ್ ಅಟ್ಯಾಕ್ ಆದವರು ಸ್ಟೆಂಟ್ (ಹೃದಯದ ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡು ಕೆಲವೇ ದಿನಗಳಲ್ಲಿ ಮನೆಗೆ ಬರುತ್ತಾರೆ. ಭಯ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ‘ಧೈರ್ಯವಾಗಿರಿ’ ಎಂದು ಬಂದವರೆಲ್ಲ ಹೇಳಿ ಹೋದರೆ ಅದು ಇಳಿಯುವುದಿಲ್ಲ.

1. ಯಾವಾಗ ಆಸ್ಪತ್ರೆಗೆ ಓಡಬೇಕು ಎಂಬುದನ್ನು ನಿಮ್ಮ ಡಾಕ್ಟರಿಂದ ಒಂದು ಹಾಳೆಯಲ್ಲಿ ಬರೆಸಿಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿ. ಎದೆಯ ನಡುವೆ ಹಿಂಡಿದಂಥ ನೋವು, ಕೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಅದರಲ್ಲಿ ಇದ್ದೇ ಇರುತ್ತವೆ. ಎದೆನೋವಿಗೆಂದು ಸಾರ್ಬಿಟ್ರೇಟ್ ಮಾತ್ರೆ ಕೊಟ್ಟಿದ್ದರೆ ಕೂತುಕೊಂಡೇ ನಾಲಿಗೆಯಡಿ ಇಡಿ, ಬಿಪಿ ಇಳಿದು ತಲೆ ಸುತ್ತಬಹುದು. 5 ನಿಮಿಷದಲ್ಲಿ ನೋವು ಇಳಿಯದಿದ್ದರೆ 108. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಬರಬಹುದು. ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಕಾಯಬೇಡಿ.

2. ಮಾತ್ರೆಗಳು ಏನು ಮಾಡುತ್ತವೆ ಎಂದು ಕೇಳಿಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಟಿಕಾಗ್ರೆಲಾರ್ ಕೆಲವರಿಗೆ ಸುಮ್ಮನೆ ಕೂತಾಗಲೂ ಉಸಿರು ಸಾಲದಂತೆ ಮಾಡುತ್ತದೆ. ಹಾಗಾದರೆ ಡಾಕ್ಟರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ: ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

3. ಹೆಚ್ಚಿನವರು ಎಡವುವುದು ಇಲ್ಲಿ: ಬಿಪಿ ಮಷಿನ್. ಎದೆ ಚುಳುಕ್ ಎಂದಿತು, ಮಷಿನಿನ ಪಟ್ಟಿ (ಕಫ್) ತೋಳಿಗೆ ಕಟ್ಟಿದರು, ಗಾಬರಿಗೇ ಬಿಪಿ ಏರಿತ್ತು. ಅದನ್ನು ನೋಡಿ ಗಾಬರಿ ಹೆಚ್ಚಿ ಮತ್ತೆ ಕಟ್ಟಿದರು, ಇನ್ನೂ ಏರಿತ್ತು. ನಂಬರ್ ಸರಿಯಿದ್ದರೂ ಸಮಾಧಾನ ಅರ್ಧ ಗಂಟೆಯದ್ದು, ಆಮೇಲೆ ಮತ್ತೆ ನೋಡಬೇಕೆನಿಸುತ್ತದೆ. ನೋಡಿದಷ್ಟೂ ಭಯ ಬಲಿಯುತ್ತದೆ.

ಡಾಕ್ಟರ್ ಬೇರೆ ಹೇಳದಿದ್ದರೆ ಬೆಳಿಗ್ಗೆ ಮಾತ್ರೆಗೆ ಮೊದಲು, ಸಂಜೆ ಒಮ್ಮೆ ಸಾಕು. ಅರ್ಧ ಗಂಟೆ ಮುಂಚಿನಿಂದ ಕಾಫಿ ಬೇಡ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಿ. ಕಫ್ ಎದೆಯ ಮಟ್ಟದಲ್ಲಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಬರೆದಿಟ್ಟು, ಮಷಿನನ್ನು ಮನೆಯವರ ಕೈಗೆ ಕೊಡಿ.

ನಡುವೆ ನೋಡಲೇಬೇಕೆನಿಸಿದರೆ ಮೊದಲು ಹಾಳೆ ಓದಿ. ಅದರಲ್ಲಿರುವ ಲಕ್ಷಣವಾದರೆ ಹೊರಡಿ. ಅಲ್ಲವಾದರೆ 10 ನಿಮಿಷ ತಡೆಯಿರಿ. ಮುಂದಿನ ವಾರ 20, ಆಮೇಲೆ ಅರ್ಧ ಗಂಟೆ. ಆರಂಭದಲ್ಲಿ ಚಡಪಡಿಕೆ ಹೆಚ್ಚುತ್ತದೆ, ಅದನ್ನು ಕಂಡು ಬಿಟ್ಟುಬಿಡಬೇಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಡಾಕ್ಟರ್ ಹೇಳದಿದ್ದರೆ ಬೇಡವೇ ಬೇಡ: ಕೈ ತಣ್ಣಗಿದ್ದರೂ, ಉಗುರಿಗೆ ಬಣ್ಣವಿದ್ದರೂ ತಪ್ಪು ತೋರಿಸುತ್ತದೆ. ಮನೆಯವರಿಗೂ ಒಂದು ಮಾತು: ರಾತ್ರಿ ಎಬ್ಬಿಸಿ ‘ಹುಷಾರಾಗಿದ್ದೀರಾ?’ ಎಂದು ಕೇಳುವುದೂ ಇದೇ ಚಟ.

4. ಗಾಬರಿಯಾದಾಗ ಮೂಗಿನಿಂದ 4 ಎಣಿಸುತ್ತ ಉಸಿರು ಒಳಗೆ, 6 ಎಣಿಸುತ್ತ ಹೊರಗೆ, 5 ನಿಮಿಷ. ಜೋರಾಗಿ ಎಳೆದು ಬಿಟ್ಟರೆ ಬೆರಳು ಜುಮುಗುಟ್ಟಿ ತಲೆ ತಿರುಗುತ್ತದೆ, ಅದನ್ನೇ ಅಟ್ಯಾಕ್ ಎಂದುಕೊಳ್ಳುವವರಿದ್ದಾರೆ.

5. ಡಾಕ್ಟರ್ ಹೇಳಿದಷ್ಟು ದಿನಾ ನಡೆಯಿರಿ. ನಡೆಯುತ್ತಲೇ ಮಾತಾಡಲು ಆಗಬೇಕು, ಅಷ್ಟೇ ವೇಗ.

6. ತಿಂಗಳಾದರೂ ನಿದ್ದೆಯಿಲ್ಲ, ಕೆಟ್ಟ ಕನಸು, ಒಬ್ಬರೇ ಇರಲು ಹೆದರಿಕೆ ಎಂದರೆ ಮನೋವೈದ್ಯರನ್ನು ಕಾಣಿ. ಹೃದಯದ ಮಾತ್ರೆಗಳ ಚೀಟಿ ಜೊತೆಗಿರಲಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಆಲ್‌ಪ್ರಜೋಲಾಮ್ (ಗಾಬರಿ ಇಳಿಸುವ ಮಾತ್ರೆ) ನುಂಗುವ ಅಡ್ಡದಾರಿ ಬೇಡ. ಅಭ್ಯಾಸವಾದರೆ ಬಿಡಿಸುವುದೇ ಇನ್ನೊಂದು ಚಿಕಿತ್ಸೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.